ಪೆಡಲು ಹೇಳುವ ಮಾತು

ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿ 2023ರ ಅಕ್ಟೋಬರಿನಲ್ಲಿ ಮುಂಬಯಿಯ ಟ್ಯಾಕ್ಸಿ ಸೇವೆಯಿಂದ ನಿವೃತ್ತಿಯಾಯಿತು. ಆದರೂ ತಂದೆಯವರು ಜೋಪಾನ ಮಾಡಿದ ಪದ್ಮಿನಿಯೋ ಮಾರುತಿ 800ಓ ನಿಮ್ಮ ಸೊಸೈಟಿಯ ಅಂಗಳದಲ್ಲಿ ಇನ್ನೂ ನಿಂತಿರಬಹುದು. ಯುವಮಿತ್ರರೇ, ಅದರ ಕೀಲಿಕೈ ಕೇಳುವ ಮೊದಲು ಪೆಡಲುಗಳನ್ನು ಪರೀಕ್ಷಿಸಲು ಕಲಿಯಿರಿ.

ಮೊದಲು ಬ್ರೇಕು. ಗಾಡಿ ನಿಂತಲ್ಲೇ ಎಂಜಿನ್ ಶುರು ಮಾಡಿ, ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಎಲ್ಲೋ ಎಣ್ಣೆ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ. ಸ್ಪಂಜಿನಂತೆ ಮೆತ್ತಗಿದ್ದರೆ ಸಾಮಾನ್ಯವಾಗಿ ಪೈಪಿನಲ್ಲಿ ಗಾಳಿ ಸೇರಿರುತ್ತದೆ, ಬ್ಲೀಡಿಂಗ್ ಮಾಡಿಸಬೇಕು. ‘ಎರಡು ಸಲ ಪಂಪ್ ಮಾಡಿದರೆ ಹಿಡಿಯುತ್ತದಲ್ಲ’ ಎಂದು ವಾಕೋಲಾ ಸೇತುವೆ ಇಳಿಯುವ ಧೈರ್ಯ ಬೇಡ. ಮಗುವೊಂದು ಅಡ್ಡ ಬಂದರೆ ಎರಡನೆಯ ಸಲಕ್ಕೆ ಸಮಯವಿರುವುದಿಲ್ಲ.

ನಮ್ಮ ಸಾಂತಾಕ್ರೂಜಿನ ಮಳೆ ಗೊತ್ತೇ ಇದೆ. 2005ರ ಜುಲೈ 26ರಂದು ಇಲ್ಲಿ ದಾಖಲಾದದ್ದು 944 ಮಿಲಿಮೀಟರ್! ಅಂಥ ದಿನ ಗಾಡಿ ತೆಗೆಯುವ ಮಾತೇ ಇಲ್ಲ. ಆದರೆ ಮಿಲನ್ ಸಬ್‌ವೇಯಲ್ಲಿ ನಿಂತ ನೀರು ಡ್ರಮ್ಮಿನೊಳಗೆ ಹೊಕ್ಕರೂ ಬ್ರೇಕು ಸರಿಯಾಗಿ ಹಿಡಿಯದು. ನೀರು ದಾಟಿದ ಮೇಲೆ ನಿಧಾನವಾಗಿ ಸಾಗುತ್ತ, ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿ. ಬ್ರೇಕ್ ಎಣ್ಣೆಯೂ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕ್ಲಚ್ಚಿನ ತಂಟೆ ಇಷ್ಟು ಭಯಂಕರವಲ್ಲ, ಜೇಬಿಗೆ ಮಾತ್ರ ಭಾರ. ಮಾರುತಿ 800ರಲ್ಲಿ ಅದನ್ನು ಎಳೆಯುವುದು ಕೇಬಲ್. ಪೆಡಲಿನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಲ್ಲದಿದ್ದರೆ ಕ್ಲಚ್ ಜಾರಿ, ಎಂಜಿನ್ ಬೊಬ್ಬೆ ಹೊಡೆದರೂ ವೇಗ ಏರದು. ಸಡಿಲ ಹೆಚ್ಚಾದರೆ ಗೇರು ಕರಕರ ಎನ್ನುತ್ತದೆ. ಕೇಬಲ್ ಹೊಂದಿಸಿದ ಮೇಲೂ ಜಾರಿದರೆ ಪ್ಲೇಟು ಸವೆದಿರಬಹುದು, ಗ್ಯಾರೇಜಿಗೆ ಒಯ್ಯಿರಿ.