ಶಾಲೆಯ ಹಾಜರಿ: ಪಾಲಕರಿಗೆ ನಾಲ್ಕು ಮಾತು

ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡ್ರಬೇಕಾದರೆ ವಿದ್ಯಾರ್ಥಿಯ ಹಾಜರಿ ನೂರಕ್ಕೆ ೭೫ ಇರಬೇಕೆಂಬುದು ಮಹಾರಾಷ್ಟ್ರದ ಎಸ್. ಎಸ್. ಸಿ. ಮಂಡಳಿಯ ನಿಯಮ. ಕರ್ನಾಟಕದ ಎಸ್. ಎಸ್. ಎಲ್. ಸಿ. ಪರೀಕ್ಷೆಗೂ ಇದೇ ಪ್ರಮಾಣವುಂಟು. ಶಾಲೆ ೨೦೦ ದಿನ ನಡೆಯಿತೆಂದು ಹಿಡಿದರೆ ೧೫೦ ದಿನ ಹೋಗಲೇಬೇಕು. ಉಳಿದ ೫೦ ದಿನ ತಿರುಗಾಟಕ್ಕೆಂದು ತಿಳಿಯಬಾರದು. ಜ್ವರ, ಮಳೆ, ಮನೆಯ ಸಾವುನೋವು ಎಲ್ಲವೂ ಅದರಲ್ಲಿಯೇ ಕಳೆಯಬೇಕು.

ವಾಕಡದಲ್ಲಿರುವ ನಮ್ಮವರಿಗೆ ತೊಡಕಾಗುವುದು ಸೂಟಿಯಲ್ಲಿ. ನಮ್ಮ ಊರುಗಳಲ್ಲಿ ಬೇಸಿಗೆಯ ಸೂಟಿ ಏಪ್ರಿಲ್‌ನಲ್ಲಿ ಆರಂಭ. ಇಲ್ಲಿ ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಅಲ್ಲಿ ದಸರೆಗೆ ದೊಡ್ಡ ಸೂಟಿ, ಇಲ್ಲಿ ದೀಪಾವಳಿಗೆ. ಊರಿನವರು ಕರೆದರೆಂದು ಏಪ್ರಿಲ್‌ನಲ್ಲಿ ಜಾತ್ರೆ, ಮದುವೆಗೆ ಮಕ್ಕಳನ್ನು ಕರೆದೊಯ್ದರೆ ಇಲ್ಲಿ ಗೈರುಹಾಜರಿ ಬೀಳುತ್ತದೆ. ಒಂಬತ್ತನೆಯ ಇಯತ್ತೆಯ ವಾರ್ಷಿಕ ಪರೀಕ್ಷೆಯೂ ತಪ್ಪಬಹುದು. ತಮ್ಮಂದಿರನ್ನು ನೋಡಿಕೊಳ್ಳಲೆಂದು ಹಿರಿಯ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಆದುದರಿಂದ ಪಾಲಕರು ಜೂನ್‌ನಲ್ಲಿಯೇ ಶಾಲೆಯ ಸೂಟಿಯ ದಿನಗಳನ್ನು ಬರೆದುಕೊಂಡು, ಅವಕ್ಕೆ ಹೊಂದುವಂತೆ ಊರಿನ ಪ್ರಯಾಣ ಗೊತ್ತುಮಾಡಬೇಕು. ಮಗು ಕಾಯಿಲೆ ಬಿದ್ದರೆ ರಜೆಚೀಟಿಯನ್ನೂ ಡಾಕ್ಟರರ ಸರ್ಟಿಫಿಕೇಟನ್ನೂ ಆಗಲೇ ಶಾಲೆಗೆ ಕೊಟ್ಟು, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಹಾಜರಿ ಕಡಿಮೆಯಾದಾಗ ರಿಯಾಯಿತಿ ಕೇಳಲು ಅದೇ ಆಧಾರ. ತಿಂಗಳಿಗೊಮ್ಮೆ ವರ್ಗಶಿಕ್ಷಕರನ್ನು ಕಂಡು ಎಷ್ಟು ದಿನ ತಪ್ಪಿವೆಯೆಂದು ವಿಚಾರಿಸಿರಿ. ಮರಾಠಿ ಸರಿಯಾಗಿ ಬಾರದೆಂದು ಸಂಕೋಚ ಬೇಡ. ಮಗುವನ್ನೇ ಜೊತೆಗೆ ಕರೆದುಕೊಂಡು ಹೋಗಿರಿ.

ಕೆಲಸಕ್ಕೆ ನಾವು ಒಂದು ದಿನ ತಪ್ಪಿಸಿದರೆ ಒಂದು ದಿನದ ಪಗಾರ ಹೋಗುತ್ತದೆ. ಮಗುವಿನ ಹಾಜರಿ ತಪ್ಪಿದರೆ ಒಂದು ವರ್ಷವೇ ಹೋದೀತು.