ಅನಾಥಾಲಯವಲ್ಲ, ಮನೆ: ಟಿಬೆಟನ್ ಮಕ್ಕಳ ಜೆತ್ಸುನ್ ಪೆಮಾ

1959ರಲ್ಲಿ ದಲೈಲಾಮಾ ಅವರ ಬೆನ್ನಿಗೇ ಹಿಮಾಲಯ ದಾಟಿ ಬಂದ ಟಿಬೆಟನ್ನರಲ್ಲಿ ಬಹಳ ಮಂದಿಗೆ ಭಾರತದಲ್ಲಿ ಸಿಕ್ಕ ಮೊದಲ ಕೆಲಸ, ಬೆಟ್ಟ ಕಡಿದು ರಸ್ತೆ ಮಾಡುವುದು. ಅಪ್ಪ ಅಮ್ಮ ಕಲ್ಲು ಒಡೆಯುವಾಗ ಮಕ್ಕಳು ರಸ್ತೆ ಬದಿಯ ಡೇರೆಗಳಲ್ಲಿ ಹಸಿವು, ಕಾಯಿಲೆಗಳಿಂದ ನವೆಯುತ್ತಿದ್ದರು. 1960ರ ಮೇ 17ರಂದು ಜಮ್ಮುವಿನ ಇಂಥ ಶಿಬಿರಗಳಿಂದ 51 ಮಕ್ಕಳು ಧರ್ಮಶಾಲಾಕ್ಕೆ ಬಂದರು. ದಲೈಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಆ ಮಕ್ಕಳನ್ನು ನೋಡಿಕೊಳ್ಳಲು ಮುಂದಾದರು. 1964ರಲ್ಲಿ ಆಕೆ ತೀರಿಕೊಂಡಾಗ ಹೊಣೆ ತಂಗಿ ಜೆತ್ಸುನ್ ಪೆಮಾ ಅವರ ಹೆಗಲೇರಿತು. ಆಗ ಅವರಿಗೆ 24 ವರ್ಷ. ನಿವೃತ್ತರಾದದ್ದು 2006ರಲ್ಲಿ, 42 ವರ್ಷಗಳ ನಂತರ.

ಲ್ಹಾಸಾದಲ್ಲಿ ಹುಟ್ಟಿದ ಪೆಮಾ ಕಾಲಿಂಪಾಂಗ್, ಡಾರ್ಜಿಲಿಂಗ್ ಕಾನ್ವೆಂಟುಗಳಲ್ಲಿ ಓದಿ, ಸ್ವಿಟ್ಜರ್ಲೆಂಡ್ ಮತ್ತು ಇಂಗ್ಲೆಂಡಿಗೂ ಹೋಗಿ ಬಂದಿದ್ದರು. ಅವರ ಕೈಗೆ ಬಂದದ್ದು ಶಿಶುವಿಹಾರದಂಥ ಒಂದು ವ್ಯವಸ್ಥೆ. ಎಂಟು ವರ್ಷ ತುಂಬುವವರೆಗೆ ಮಕ್ಕಳನ್ನು ಸಾಕಿ, ಆಮೇಲೆ ಭಾರತ ಸರ್ಕಾರ ತೆರೆದಿದ್ದ ವಸತಿ ಶಾಲೆಗಳಿಗೆ ಕಳಿಸುವುದು ಅಲ್ಲಿಯ ಕ್ರಮ. ಆ ಶಾಲೆಗಳು ತುಂಬಿಹೋದವು. ಮಕ್ಕಳು ಬರುವುದು ಮಾತ್ರ ನಿಲ್ಲಲಿಲ್ಲ. ಸರಿ, ಇಲ್ಲೇ ಒಂದು ಊರು ಕಟ್ಟೋಣ ಎಂಬ ತೀರ್ಮಾನವಾಯಿತು. 1972ರಲ್ಲಿ ‘ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್’ ನೋಂದಣಿಯಾಯಿತು. ಎಲ್ಲರ ಬಾಯಲ್ಲಿ ಅದು ಟಿಸಿವಿ.

ಟಿಸಿವಿಯ ಜೀವ ಇರುವುದು ಅದರ ಮನೆಗಳಲ್ಲಿ. ಆಸ್ಟ್ರಿಯಾದ ಹರ್ಮನ್ ಗ್ಮೈನರ್ ಆರಂಭಿಸಿದ ಎಸ್‌ಒಎಸ್ ಮಕ್ಕಳ ಗ್ರಾಮಗಳ ಮಾದರಿಯಲ್ಲಿ, ಒಂದೊಂದು ಮನೆಗೂ ಒಬ್ಬ ತಾಯಿ. ಮೂವತ್ತರ ಆಸುಪಾಸಿನಷ್ಟು ಮಕ್ಕಳು, ಬೇರೆಬೇರೆ ವಯಸ್ಸಿನವರು. ದೊಡ್ಡವರು ತರಕಾರಿ ಹೆಚ್ಚುತ್ತಾರೆ, ಪಾತ್ರೆ ತೊಳೆಯುತ್ತಾರೆ, ಚಿಕ್ಕವರ ತಲೆ ಬಾಚುತ್ತಾರೆ. ಸಾಲು ಮಂಚ ಹಾಕಿ, ಗಂಟೆ ಹೊಡೆದು ಊಟ ಬಡಿಸುವ ಹಾಸ್ಟೆಲ್ ಇದಕ್ಕಿಂತ ಅಗ್ಗವಾಗುತ್ತಿತ್ತು, ನಡೆಸುವುದೂ ಸುಲಭ. ಆದರೆ ನಿರಾಶ್ರಿತ ಮಗು ಕಳೆದುಕೊಂಡದ್ದು ಬರೀ ಅನ್ನವನ್ನಲ್ಲ. ತನಗಾಗಿ ಕಾಯುವ ಒಬ್ಬರನ್ನು. ಪೆಮಾ ಈ ಮಾತನ್ನು ಸಂಸ್ಥೆಯ ಲೆಕ್ಕಪತ್ರದೊಳಗೇ ತಂದರು. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಇದೇ.

1980ರಲ್ಲಿ ದಲೈಲಾಮಾ ಕಳಿಸಿದ ನಿಯೋಗದ ನೇತೃತ್ವ ವಹಿಸಿ ಅವರು ಟಿಬೆಟ್‌ಗೆ ಹೋದರು, ಅಲ್ಲಿಯ ಶಾಲೆಗಳನ್ನು ಕಂಡರು. ಆ ದಶಕದಲ್ಲಿ ಟಿಬೆಟ್‌ನಿಂದ ಮಕ್ಕಳ ಹೊಸದೊಂದು ಹರಿವು ಶುರುವಾಯಿತು. ಈ ಮಕ್ಕಳು ತಬ್ಬಲಿಗಳಲ್ಲ. ನಮ್ಮ ಭಾಷೆಯಲ್ಲಿ ಓದಲಿ ಎಂದು ಹೆತ್ತವರೇ ಅಪರಿಚಿತರ ಕೈಗಿಟ್ಟು ಹಿಮದ ಕಣಿವೆಗಳಾಚೆ ಕಳಿಸಿದವರು. ಮತ್ತೆ ನೋಡುತ್ತೇವೆಂಬ ಖಾತರಿ ಇಲ್ಲದೆ ಮಗುವನ್ನು ಬೀಳ್ಕೊಟ್ಟ ಆ ತಾಯಂದಿರ ನಂಬಿಕೆಗೆ ತಕ್ಕಂತೆ ನಡೆದುಕೊಳ್ಳಬೇಕಿತ್ತು. 1985ರಿಂದ ಟಿಸಿವಿ ಪ್ರಾಥಮಿಕ ತರಗತಿಗಳನ್ನು ಟಿಬೆಟನ್ ಮಾಧ್ಯಮಕ್ಕೆ ತರತೊಡಗಿತು. ಗಣಿತ, ವಿಜ್ಞಾನದ ಪುಸ್ತಕಗಳನ್ನು ತಾನೇ ಸಿದ್ಧಪಡಿಸಿತು. ನೆಲವಿಲ್ಲದ, ಸರ್ಕಾರಿ ಬಲವಿಲ್ಲದ ಜನ ಇದನ್ನು ಮಾಡಿದರು. ಕನ್ನಡ ಮಾಧ್ಯಮದ ಶಾಲೆಗಳು ಒಂದೊಂದಾಗಿ ಮುಚ್ಚುವುದನ್ನು ನೋಡುತ್ತಿರುವ ನಮಗೆ ಇದು ತಟ್ಟಬೇಕು.

ನಮಗೂ ಈ ಕಥೆಗೂ ಹಳೆಯ ನಂಟಿದೆ. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ಟಿಬೆಟನ್ನರು ನೆಲೆಸಿದರು. ಬೈಲಕುಪ್ಪೆಗೆ ಹೋಗುವ ನಮ್ಮ ಪ್ರವಾಸಿಗರು ಚಿನ್ನದ ಬುದ್ಧನನ್ನು ನೋಡಿ, ಮೊಮೊ ತಿಂದು ಮರಳುತ್ತಾರೆ. ಅದೇ ಬೈಲಕುಪ್ಪೆಯಲ್ಲಿರುವ ಟಿಸಿವಿ ಶಾಲೆಯ ಸುದ್ದಿ ಹೆಚ್ಚಿನವರಿಗೆ ತಿಳಿದಿಲ್ಲ.

1990ರಲ್ಲಿ ಪೆಮಾ ದೇಶಭ್ರಷ್ಟ ಟಿಬೆಟನ್ ಸರ್ಕಾರದ ಮೊದಲ ಮಹಿಳಾ ಸಚಿವೆಯಾದರು. ‘ಸೆವೆನ್ ಇಯರ್ಸ್ ಇನ್ ಟಿಬೆಟ್’ ಸಿನಿಮಾದಲ್ಲಿ ದಲೈಲಾಮಾರ ತಾಯಿಯ ಪಾತ್ರ ಮಾಡಿದರು, ಅಂದರೆ ಸ್ವಂತ ತಾಯಿಯ ಪಾತ್ರವನ್ನೇ. ಟಿಸಿವಿ ಮಕ್ಕಳಿಗೆ ಅವರು ಯಾವತ್ತೂ ‘ಅಮಾಲಾ’.

ದಲೈಲಾಮಾರ ತಂಗಿ ಎಂಬ ಹೆಸರಿನ ಬಲದಲ್ಲಿ ಕೊನೆಯವರೆಗೂ ಕುರ್ಚಿಯಲ್ಲಿ ಉಳಿಯಬಹುದಿತ್ತು. ಅವರು ಅಧ್ಯಕ್ಷ ಸ್ಥಾನವನ್ನು ತ್ಸೆವಾಂಗ್ ಯೆಶಿ ಅವರಿಗೆ ಬಿಟ್ಟು ಹೊರಬಂದರು. ಅಷ್ಟು ಹೊತ್ತಿಗೆ ಲಡಾಖ್‌ನಿಂದ ಬೈಲಕುಪ್ಪೆಯವರೆಗೆ ಶಾಲೆಗಳಿದ್ದವು, ಅಲ್ಲೇ ಬೆಳೆದ ಎಷ್ಟೋ ಮಂದಿ ಅಲ್ಲೇ ಮೇಷ್ಟರಾಗಿದ್ದರು. ಶಾಲೆ ಮುಗಿಸಿದ ಮಕ್ಕಳು ಮುಂದೆಲ್ಲಿ ಓದಬೇಕೆಂಬ ಪ್ರಶ್ನೆ ಉಳಿದಿತ್ತು. ಅದಕ್ಕಾಗಿ ಟಿಸಿವಿ ದಲೈಲಾಮಾ ಉನ್ನತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ್ದು ನಮ್ಮ ಬಿಡದಿಯ ಸಮೀಪ, ಬೆಂಗಳೂರು–ಮೈಸೂರು ರಸ್ತೆಯ ಮಗ್ಗುಲಲ್ಲಿ.