ಕಿತ್ತೂರಿಗೊಂದು ಟಿಕೇಟು

ಬೆಳಗಾವಿಯಿಂದ ಧಾರವಾಡದತ್ತ ಹೊರಟ ಬಸ್ಸು. ಕಂಡಕ್ಟರು ಇನ್ನೂ ಮೂರು ಸೀಟು ಆಚೆ ಇರುವಾಗಲೇ ಹುಡುಗನ ಅಂಗೈ ಬೆವರತೊಡಗುತ್ತದೆ. ರೊಕ್ಕ ಇದೆ, ಚಿಲ್ಲರೆಯೂ ಇದೆ. ಹೊರಗೆ ಬಾರದ್ದು ಒಂದೇ ಮಾತು, ಇಳಿಯಬೇಕಾದ ಊರಿನ ಹೆಸರು. "ಎಲ್ಲಿಗಪಾ ತಮ್ಮಾ?" ಎಂದಾಗ ಕಿತ್ತೂರಿನ "ಕಿ" ಗಂಟಲಲ್ಲೇ ಕಚ್ಚಿ ನಿಲ್ಲುತ್ತದೆ. ಮುಂದಿನ ಸೀಟಿನವರು ತಿರುಗಿ ನೋಡುತ್ತಾರೆ. ಹುಡುಗ ಥಟ್ಟನೆ "ಧಾರವಾಡ" ಎಂದುಬಿಡುತ್ತಾನೆ. ಹೆಚ್ಚಿನ ದುಡ್ಡು ತೆತ್ತು, ನಡುವೆ ಕಿತ್ತೂರಿನಲ್ಲಿ ಇಳಿದುಹೋಗುತ್ತಾನೆ.

ತೊದಲುವವರನ್ನು ಕೇಳಿ ನೋಡಿ, ಇಂಥ ಟಿಕೇಟು ಕೊಳ್ಳದವರು ಕಡಿಮೆ. ಬೇಕಾದ ತಿಂಡಿ ಬಿಟ್ಟು ಬಾಯಿಗೆ ಬಂದ ತಿಂಡಿ ಹೇಳಿದವರು, ಫೋನು ರಿಂಗಾದರೆ ಎದ್ದು ಹಿತ್ತಲಿಗೆ ಹೋದವರು, ಹೆಸರು ಕೇಳಿದರೆ ಬೇರೆ ಹೆಸರು ಹೇಳಿದವರೂ ಇದ್ದಾರೆ. 2023ರ ಜೂನ್‌ನಿಂದ ನಮ್ಮ ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸು ಉಚಿತವಾಗಿದೆ. ಆದರೂ ಶೂನ್ಯ ಟಿಕೇಟು ಹರಿಯಬೇಕಾದರೆ ಊರ ಹೆಸರು ಹೇಳಲೇಬೇಕು.

"ತೊದಲು" ಎಂಬುದು ಕನ್ನಡದಲ್ಲಿ ಮುದ್ದಿನ ಪದ. ಕೂಸು ತೊದಲಿದರೆ ಮನೆಮಂದಿಯೆಲ್ಲ ಸುತ್ತ ಕೂತು ಕೇಳುತ್ತಾರೆ. ಅದೇ ಕೂಸು ಹತ್ತು ವರ್ಷದವನಾಗಿ ತೊದಲಿದರೆ ಆ ಪದವೇ ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. "ಉಗ್ಗ" ಎನ್ನುವುದೂ ಹಾಗೆಯೇ. ಮನುಷ್ಯನ ನೂರು ಗುಣಗಳನ್ನು ಬದಿಗೆ ಸರಿಸಿ ಒಂದು ತೊಡಕನ್ನು ಅವನ ಹೆಸರು ಮಾಡುವ ಈ ರೂಢಿ ನನಗೆ ಬಹಳ ನೋವಿನದ್ದಾಗಿ ಕಾಣುತ್ತದೆ.

ಮಾತು ಹಿಡಿಯುವುದು ಒಂದೇ ಬಗೆಯಲ್ಲಲ್ಲ. ನಮ್ಮ ಊರುಗಳ ಹೆಸರನ್ನೇ ತಗೊಳ್ಳಿ. ಒಬ್ಬರು "ಕಿ-ಕಿ-ಕಿತ್ತೂರು" ಎಂದು ಮೊದಲ ಅಕ್ಷರವನ್ನು ಮರುಕಳಿಸುತ್ತಾರೆ. ಇನ್ನೊಬ್ಬರು "ಸ್ಸ್ಸ್ಸವದತ್ತಿ" ಎಂದು ಎಳೆಯುತ್ತಾರೆ. ಮತ್ತೊಬ್ಬರಿಗೆ ಬೈಲಹೊಂಗಲ ಎನ್ನುವಾಗ "ಬ"ಕ್ಕೆ ಕೂಡಿದ ತುಟಿ ಬಿಚ್ಚುವುದೇ ಇಲ್ಲ. ದನಿಯಿಲ್ಲ, ಉಸಿರಿಲ್ಲ, ಕಣ್ಣು ಮಾತ್ರ ಮಿಟುಕುತ್ತದೆ. ನೋಡುವವರಿಗೆ ಏನೂ ಆಗದಂತೆ ಕಾಣುವ ಈ ಮೂರನೆಯದೇ ಹೆಚ್ಚು ದಣಿಸುವಂಥದ್ದು. ರಾಮದುರ್ಗಕ್ಕೆ ಬಂದವರು "ಅದು... ಏನಂತಾರ... ಆ ಊರು" ಎಂದು ಸುತ್ತು ಹಾಕುತ್ತಾರೆ. ಕೇಳುವವರಿಗೆ ಅದು ಮರೆವಿನಂತೆ ಕಾಣುತ್ತದೆ. ಹೆಸರು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ.

ಇನ್ನು ಈ ವಿಷಯದ ಅತಿ ದೊಡ್ಡ ಸೋಜಿಗಕ್ಕೆ ಬರೋಣ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿ. ಲಕ್ಷಾಂತರ ಜನ "ಉಧೋ ಉಧೋ" ಎನ್ನುವಾಗ ಆ ಗದ್ದಲದಲ್ಲಿ ತೊದಲುವವರೂ ಇರುತ್ತಾರೆ, ಅವರ ದನಿ ಮಾತ್ರ ಎಲ್ಲೂ ತಡೆಯುವುದಿಲ್ಲ. ಬೈಲಹೊಂಗಲದ ಕತೆಯಾದ ಸಂಗ್ಯಾ ಬಾಳ್ಯಾ ಸಣ್ಣಾಟದ ಮೇಳದಲ್ಲಿ ದನಿಗೂಡಿಸುವಾಗಲೂ ಅಷ್ಟೆ. ಹಾಡುವಾಗ, ಭಜನೆಯಲ್ಲಿ, ಎತ್ತುಗಳ ಜೋಡಿ ಮಾತಾಡುವಾಗ, ಒಬ್ಬರೇ ಇದ್ದಾಗ ತೊದಲು ಬಹುಪಾಲು ಮಾಯ. ಒಟ್ಟಾಗಿ ನುಡಿಯುವಾಗ ಪಕ್ಕದವರ ದನಿ ತಾಳ ಹಾಕಿಕೊಡುತ್ತದೆ. ಯಾವ ಕ್ಷಣದಲ್ಲಿ ಅಕ್ಷರ ಹೊರಡಬೇಕು ಎಂಬ ಸೂಚನೆ ಹೊರಗಿನಿಂದ ಸಿಗುತ್ತದೆ. ಒಂಟಿಯಾಗಿ ಮಾತಾಡುವಾಗ ಆ ಸೂಚನೆಯನ್ನು ಮಿದುಳೇ ಕೊಡಬೇಕು, ಅಲ್ಲಿ ಹೊತ್ತು ತಪ್ಪುತ್ತದೆ ಎಂಬುದು ಇದಕ್ಕಿರುವ ಒಂದು ವಿವರಣೆ.

ಈ ಸೋಜಿಗ ಶಾಲೆಯಲ್ಲಿ ಮಕ್ಕಳಿಗೆ ಮುಳುವಾಗುತ್ತದೆ. ಮಗ್ಗಿಯನ್ನು ಎಲ್ಲರೊಡನೆ ಸರಾಗ ಹೇಳಿದ ಹುಡುಗಿ ಒಬ್ಬಳೇ ಎದ್ದು ನಿಂತಾಗ "ಎರಡೊಂದ್ಲ" ಎಂಬಲ್ಲೇ ನಿಂತುಬಿಡುತ್ತಾಳೆ. "ಎಲ್ಲಾರ ಜೋಡಿ ಬರೋಬ್ಬರಿ ಅಂತೀಯಲ್ಲ, ಈಗೇನ್ ಧಾಡಿ?" ಎಂಬ ಗದರಿಕೆ ಬೀಳುತ್ತದೆ. ಅವಳು ನಟಿಸುತ್ತಿಲ್ಲ. ಎರಡೂ ಸತ್ಯ: ಮೇಳದಲ್ಲಿ ಬರುತ್ತದೆ, ಒಂಟಿಯಾಗಿ ಬರುವುದಿಲ್ಲ. ಈ ಬರಹದಲ್ಲಿ ಶಿಕ್ಷಕರು ನೆನಪಿಡಬೇಕಾದ್ದು ಇದೊಂದನ್ನೇ ಆದರೂ ಸಾಕು.

ನಾಲಿಗೆ ದಪ್ಪವಾದ್ದಕ್ಕೆ, ಅಂಜಿದ್ದಕ್ಕೆ, ತೊದಲುವವರ ಜೊತೆ ಆಡಿದ್ದಕ್ಕೆ ತೊದಲು ಬರುತ್ತದೆ ಎಂಬ ಮಾತುಗಳಲ್ಲಿ ಹುರುಳಿಲ್ಲ. ಬಜೆ ತೇಯ್ದು ನಾಲಿಗೆಗೆ ಸವರುವುದರಿಂದಲೂ ಹೋಗುವುದಿಲ್ಲ. ತೊಡಕು ನಾಲಿಗೆಯಲ್ಲೇ ಇಲ್ಲ. ವಂಶವಾಹಿಯ ಪಾತ್ರ ದೊಡ್ಡದು. 2010ರಲ್ಲಿ ಡೆನಿಸ್ ಡ್ರೇನಾ ಅವರ ತಂಡ ಪಾಕಿಸ್ತಾನದ ದೊಡ್ಡ ಕುಟುಂಬವೊಂದರ ಜಾಡು ಹಿಡಿದು, ತೊದಲಿಗೆ ನಂಟಿರುವ ಜಿಎನ್‌ಪಿಟಿಎಬಿ ಎಂಬ ಜೀನನ್ನು ಗುರುತಿಸಿತು. ನೂರು ಮಕ್ಕಳಲ್ಲಿ ಐದಾರು ಮಂದಿ ಎರಡರಿಂದ ಐದರ ವಯಸ್ಸಿನೊಳಗೆ ಕೆಲಕಾಲ ತೊದಲುತ್ತಾರೆ, ಮುಕ್ಕಾಲು ಪಾಲು ತಾವಾಗಿಯೇ ಸರಿಹೋಗುತ್ತಾರೆ. ದೊಡ್ಡವರಲ್ಲಿ ಉಳಿಯುವುದು ನೂರಕ್ಕೆ ಒಬ್ಬರಲ್ಲಿ, ಅವರಲ್ಲೂ ಗಂಡಸರೇ ಹೆಚ್ಚು. ಈ ಲೆಕ್ಕದಲ್ಲಿ ಬೈಲಹೊಂಗಲ ಪಟ್ಟಣವೊಂದರಲ್ಲೇ ನೂರಾರು ಜನ ಇರಬೇಕು. ನಮಗೆ ಅವರು ಕಾಣುವುದಿಲ್ಲ, ಏಕೆಂದರೆ ಅವರು ಸುಮ್ಮನಿರುವುದನ್ನು ಕಲಿತಿದ್ದಾರೆ.

ಸುಮ್ಮನಾಗಿಸುವುದು ಎಷ್ಟು ಸುಲಭ ಎಂಬುದಕ್ಕೆ 1939ರಲ್ಲಿ ಅಮೆರಿಕದ ಅಯೋವಾದಲ್ಲಿ ನಡೆದ ಪ್ರಯೋಗವೊಂದು ಕಹಿ ಸಾಕ್ಷಿ. ಅನಾಥಾಲಯದಲ್ಲಿ ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ "ನೀನು ತೊದಲುತ್ತೀ, ತಪ್ಪಿಲ್ಲದೆ ಬರುವುದಾದರೆ ಮಾತ್ರ ಮಾತಾಡು" ಎಂಬರ್ಥದಲ್ಲಿ ತಿಂಗಳುಗಟ್ಟಲೆ ಹೇಳಲಾಯಿತು. ಮಕ್ಕಳು ಮಾತಿಗೆ ಅಳುಕಿ ಮುದುಡಿಕೊಂಡರು. ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ.

ಹಾಗಾದರೆ ಮಾಡುವುದೇನು? ತೊದಲನ್ನು ಒಂದೇ ಬಾರಿಗೆ ಅಳಿಸಿಬಿಡುವ ಔಷಧಿ ಇಲ್ಲ. ವಾರದಲ್ಲಿ ವಾಸಿ ಮಾಡುತ್ತೇವೆನ್ನುವ ಜಾಹೀರಾತನ್ನು ನಂಬಬೇಡಿ. ತಾವೂ ತೊದಲುತ್ತಿದ್ದ ಅಮೆರಿಕದ ಚಾರ್ಲ್ಸ್ ವಾನ್ ರೈಪರ್ ಹೇಳಿಕೊಟ್ಟ ದಾರಿ ನನಗೆ ಹೆಚ್ಚು ಒಪ್ಪಿತ. ತೊದಲನ್ನು ಓಡಿಸಲು ಹೋಗದೆ ಹಗುರ ಮಾಡಿಕೊಳ್ಳುವುದು. ಮಾತು ಹಿಡಿಯಿತೆನ್ನಿ, ಹೇಗೋ ಆ ಪದ ಮುಗಿಸಿ, ಒಂದು ಕ್ಷಣ ನಿಲ್ಲಿ. ಮತ್ತೆ ಅದೇ ಪದವನ್ನು ತುಟಿ ಬಿಗಿಯದೆ, ಮೆಲ್ಲಗೆ ಜಾರಿಸಿ ಹೇಳಿ. ಇದು ರೂಢಿಯಾದ ಮೇಲೆ ಪದದ ನಡುವೆಯೇ ಬಿಗಿ ಸಡಿಲಿಸಲು ಬರುತ್ತದೆ. ಇನ್ನೊಂದು ಕೇಳಲು ವಿಚಿತ್ರ: ಬೇಕೆಂದೇ ತೊದಲುವುದು. ಎಲ್ಲಮ್ಮನ ಗುಡ್ಡದ ಕೆಳಗಿನ ಅಂಗಡಿಯಲ್ಲಿ "ಭ-ಭ-ಭಂಡಾರ ಹೆಂಗ್ರೀ?" ಎಂದು ತಾನಾಗಿ ತೊದಲಿ ಕೇಳುವುದು. ಅಂಗಡಿಯಾಕೆ ಬೆಲೆ ಹೇಳುತ್ತಾಳೆ, ಅಷ್ಟೇ. ಇಷ್ಟು ವರ್ಷ ಯಾವುದಕ್ಕೆ ಹೆದರಿ ಓಡಿದೆನೋ ಅದನ್ನು ಕೈಯಾರೆ ಮಾಡಿದಾಗ ಹೆದರಿಕೆಯ ಹಿಡಿತ ಸಡಿಲವಾಗುತ್ತದೆ.

ಇದನ್ನು ಒಬ್ಬರೇ ಮಾಡುವುದು ಕಷ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಈ ಭಾಗದವರಿಗೆ ಹತ್ತಿರದ್ದು ಧಾರವಾಡ ಕೆಲಗೇರಿಯ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ. ತೊದಲುವವರೇ ಸೇರಿ 2008ರಲ್ಲಿ ಕಟ್ಟಿಕೊಂಡ ಇಂಡಿಯನ್ ಸ್ಟ್ಯಾಮರಿಂಗ್ ಅಸೋಸಿಯೇಷನ್ ಪರಸ್ಪರ ನೆರವಿನ ಗುಂಪುಗಳನ್ನು ನಡೆಸುತ್ತದೆ. ಮಗುವಿನ ತೊದಲು ಆರು ತಿಂಗಳು ದಾಟಿದರೆ, ಮನೆತನದಲ್ಲಿ ಬೇರೆಯವರಿಗೂ ಇದ್ದರೆ, ಮಾತಾಡುವಾಗ ಮಗು ಮುಖ ಕಿವಿಚುತ್ತಿದ್ದರೆ ಕಾಯಬೇಡಿ, ತೋರಿಸಿ.

ಕೇಳುವವರ ಪಾಲಿನ ಕೆಲಸ ಇನ್ನೂ ಚಿಕ್ಕದು. ಅವರ ಪದವನ್ನು ನೀವು ಮುಗಿಸಬೇಡಿ. "ನಿಧಾನ, ಉಸಿರು ತಗೋ" ಎನ್ನಬೇಡಿ. ಒಳ್ಳೆಯ ಮನಸ್ಸಿನಿಂದ ಬಂದರೂ ಅದು "ನೀನು ತಪ್ಪಿದೆ" ಎಂದೇ ಕೇಳಿಸುತ್ತದೆ. ಮುಖ ತಿರುಗಿಸದೆ ಕಾಯಿರಿ. ಹಾಜರಿ ಕೂಗುವಾಗ ಕೈ ಎತ್ತಿದರೂ ಆದೀತು ಎಂದು ಇಡೀ ತರಗತಿಗೇ ಹೇಳಿಬಿಟ್ಟರೆ ಯಾವ ಮಗುವೂ ಬೇರೆಯಾಗಿ ಕಾಣುವುದಿಲ್ಲ.

ಕಂಡಕ್ಟರು ಈಗ ಸೀಟಿನ ಹತ್ತಿರ ಬಂದಿದ್ದಾರೆ. "ಎಲ್ಲಿಗಪಾ ತಮ್ಮಾ?"

"ಅಣ್ಣಾರ, ನನಗ ಮಾತು ಹಿಡೀತೈತ್ರಿ, ಒಂಚೂರು ತಡೀರಿ. ಕಿ... ಕಿ... ಕಿತ್ತೂರು."